ಕೂತು ತಿನ್ನುತ್ತಾರಾ, ಕಟ್ಟಿಸಿಕೊಂಡು ಹೋಗುತ್ತಾರಾ?

ಆಸ್ಟ್ರೇಲಿಯಾದಲ್ಲಿ ಸಣ್ಣ ವ್ಯಾಪಾರಿಗಳ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಮೊನ್ನೆ ಕೆಫೆ ಮಾಲೀಕರೊಬ್ಬರು ತಮ್ಮಲ್ಲಿ ಕೆಲಸ ಮಾಡುವ ಹುಡುಗಿಯ ಪೇಸ್ಲಿಪ್ ಮುಂದಿಟ್ಟು, "ಫಾಸ್ಟ್ ಫುಡ್ ಅವಾರ್ಡ್ ಹಾಕಿದ್ದೀನಿ, ಸರಿ ಅಲ್ವಾ ಮೇಡಂ?" ಅಂದರು.

ಅವಾರ್ಡ್ ಅಂದರೆ ಬಹುಮಾನವಲ್ಲ, ಒಂದೊಂದು ಉದ್ಯಮಕ್ಕೆ ಅಥವಾ ಕಸುಬಿಗೆ ಇರುವ ಕಾನೂನಿನ ನಿಯಮಾವಳಿ. ಇಲ್ಲಿ ಅಂಥ 120ಕ್ಕೂ ಜಾಸ್ತಿ ಅವಾರ್ಡ್‌ಗಳಿವೆ. ಕನಿಷ್ಠ ಸಂಬಳ, ಭಾನುವಾರದ ದರ, ಊಟದ ಬಿಡುವು ಎಲ್ಲ ಅದರಲ್ಲೇ ಇರುತ್ತದೆ. ಸುಮ್ನೆ ಹೆಸರು ನೋಡಿ ಆರಿಸಿದರೆ ಪೆಟ್ಟು ಬೀಳುವುದು ಕೆಲಸದವರಿಗೆ.

"ಗಿರಾಕಿಗಳು ಕೂತು ತಿನ್ನುತ್ತಾರಾ, ಕಟ್ಟಿಸಿಕೊಂಡು ಹೋಗುತ್ತಾರಾ?" ಅಂತ ಕೇಳಿದೆ. 12 ಟೇಬಲ್, ಬಹುಪಾಲು ಜನ ಕೂತೇ ತಿನ್ನುತ್ತಾರಂತೆ. ಹಾಗಾದರೆ ರೆಸ್ಟೋರೆಂಟ್ ಅವಾರ್ಡ್.

ಆಮೇಲೆ ಆ ಹುಡುಗಿ ದಿನವಿಡೀ ಮಾಡುವ ಕೆಲಸಗಳನ್ನು ಒಂದೊಂದಾಗಿ ಬರೆಸಿದೆ. ಸಂಬಳದ ದರ್ಜೆ ನಿಲ್ಲುವುದು ಅದರ ಮೇಲೆ. ಅವಳು ಕ್ಯಾಷುಯಲ್, ಅಂದರೆ ಕಾಯಂ ಅಲ್ಲದ ಕೆಲಸದವಳು ಆದ್ದರಿಂದ ಮೂಲ ದರದ ಮೇಲೆ 25% ಸೇರಲೇಬೇಕು. ಅವಳಿಗೆ ಕೊಡಬೇಕಾದ ಬಾಕಿಯ ಲೆಕ್ಕ ಹಾಕಲು ನಾನೂ ಮಾಲೀಕರೂ ಹಳೆಯ ರೋಸ್ಟರ್, ಅಂದರೆ ಪಾಳಿ ಪಟ್ಟಿ, ತೆಗೆದು ಕೂತೆವು.