ಮನವಿ ಕೊಟ್ಟರೆ ಗಂಡ ಹೊಡೆಯೋದು ಬಿಡ್ತಾನಾ?

ಸ್ತ್ರೀಶಕ್ತಿ ಸಂಘದ ಸಭೆ, ಕಾಲೇಜಿನ ಕಾರ್ಯಕ್ರಮ, ನೆಂಟರ ಮನೆಯ ಗೃಹಪ್ರವೇಶ, ಎಲ್ಲಿಗೆ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ. ನಾನು ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುವವಳು, ಅದರಲ್ಲೂ ಮನವಿಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗುವವಳು ಅಂತ ಗೊತ್ತಾಗುತ್ತಲೇ ಕೇಳುತ್ತಾರೆ: “ಅಲ್ಲಾ ಅಕ್ಕಾ, ನೀವು ಸರ್ಕಾರಕ್ಕೆ ಮನವಿ ಕೊಟ್ಟರೆ ಮನೆಯೊಳಗೆ ಗಂಡ ಹೊಡೆಯೋದು ಬಿಡ್ತಾನಾ? ಮೊದಲು ಜನರ ಮನಸ್ಸು ಬದಲಾಗಬೇಕಲ್ವಾ?”

ಬಿಡುವುದಿಲ್ಲ, ನಿಜ. ಆದರೆ ಹೊಡೆತ ತಿಂದ ಹೆಂಗಸು ರಾತ್ರಿ ಹತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು ಮನೆಯಿಂದ ಹೊರಬಿದ್ದಳು ಎನ್ನಿ. ಆ ಗಳಿಗೆಯಿಂದ ಅವಳಿಗೆ ಏನೇನು ಬೇಕು ನೋಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಫೋನ್ ಎತ್ತುವವರು ಬೇಕು. ಠಾಣೆಯಲ್ಲಿ ಕೂರಿಸಿಕೊಂಡು ಮಾತು ಕೇಳುವ ಪೊಲೀಸರು ಬೇಕು. ಗಾಯ ಹೇಗಾಯಿತು ಅಂತ ವಿಚಾರಿಸಿ ಅದನ್ನು ಹಾಗೇ ಬರೆದುಕೊಳ್ಳುವ ಡ್ಯೂಟಿ ಡಾಕ್ಟರ್ ಬೇಕು. ಆ ರಾತ್ರಿ ಮಲಗಲು, ನೊಂದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸರ್ಕಾರದ ಸಖಿ ಕೇಂದ್ರದಲ್ಲಿ ಒಂದು ಹಾಸಿಗೆ, ಬೆಳಗಾದ ಮೇಲೆ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವ ಒಬ್ಬ ಅಧಿಕಾರಿ ಬೇಕು. ಇವೆಲ್ಲ ಸರ್ಕಾರದ ಕೈಯಲ್ಲಿವೆ. ಆದೇಶ ಹೊರಡಬೇಕು, ಹುದ್ದೆ ಮಂಜೂರಾಗಬೇಕು, ಅನುದಾನ ಬಿಡುಗಡೆಯಾಗಬೇಕು. ಕೇಳುವವರಿಲ್ಲದೆ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಕೇಳಿದ್ದರಿಂದ ಏನಾಗಿದೆ ಅನ್ನುವವರಿಗೆ ಒಂದು ಕಾಯ್ದೆಯ ಕತೆ ಹೇಳುತ್ತೇನೆ. 2002ರಲ್ಲಿ ಕೇಂದ್ರ ಸರ್ಕಾರ ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಅದರ ಪ್ರಕಾರ ಗಂಡ ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದರೆ ಮಾತ್ರ ಹೊಡೆತ ಹಿಂಸೆ ಅನ್ನಿಸಿಕೊಳ್ಳುತ್ತಿತ್ತು. ಒಂದೇ ಸಲ ತಲೆ ಒಡೆದವನಿಗೆ ವಾದ ಮಾಡಲು ದಾರಿ ಇತ್ತು. ತನ್ನನ್ನೋ ತನ್ನ ಆಸ್ತಿಯನ್ನೋ ಕಾಪಾಡಿಕೊಳ್ಳಲು ಹೊಡೆದೆ ಎಂದರೆ ಅದಕ್ಕೂ ರಿಯಾಯಿತಿ ಇತ್ತು. ಹೆಂಗಸಿಗೆ ಆ ಮನೆಯಲ್ಲೇ ಉಳಿಯುವ ಹಕ್ಕಿನ ಮಾತೇ ಇರಲಿಲ್ಲ. ದೇಶದ ಮಹಿಳಾ ಸಂಘಟನೆಗಳು ಸುಮ್ಮನಿರಲಿಲ್ಲ. ಲಾಯರ್ಸ್ ಕಲೆಕ್ಟಿವ್ ಎಂಬ ವಕೀಲರ ಸಂಸ್ಥೆ ತಾನೇ ಒಂದು ಕರಡು ಸಿದ್ಧಪಡಿಸಿತ್ತು. ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ತಕರಾರುಗಳು ಹೋದವು. 2004ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಆ ಮಸೂದೆ ಬಿದ್ದುಹೋಯಿತು. ಮರುವರ್ಷ ಬಂದದ್ದು ಬೇರೆಯೇ ಕಾಯ್ದೆ: ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಒಂದೇ ಒಂದು ಹೊಡೆತವೂ ಹಿಂಸೆಯಾಯಿತು. ಬೈಗುಳ, ದುಡ್ಡು ಕೊಡದೆ ಸತಾಯಿಸುವುದು, ಹಾಸಿಗೆಯಲ್ಲಿನ ಬಲವಂತ ಎಲ್ಲವೂ ಅದರೊಳಗೆ ಬಂದವು. ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು 17ನೇ ಕಲಮಿನಲ್ಲಿ ಬಂತು.

ಈ ಕಾಯ್ದೆಯ ನಿಯಮಗಳ ಜೊತೆ ಬರುವ ಒಂದನೇ ನಮೂನೆಯನ್ನು ಬಿಡುವಿದ್ದಾಗ ಓದಿ ನೋಡಿ. ನಾವೆಲ್ಲ ಅದನ್ನು ಡಿಐಆರ್ ಎನ್ನುತ್ತೇವೆ, ಕೌಟುಂಬಿಕ ಘಟನೆಯ ವರದಿ. ಮೈಗೆ ಮಾಡಿದ ಯಾವುದೇ ಬಗೆಯ ಗಾಯ, ನೋವು ಒಂದು ಕಡೆ. ಗಂಡುಮಗು ಹೆರಲಿಲ್ಲ ಅಂತ ಹೀಯಾಳಿಸಿದ್ದು, ವರದಕ್ಷಿಣೆ ತರಲಿಲ್ಲ ಅಂತ ಅವಮಾನಿಸಿದ್ದು ಇನ್ನೊಂದು ಕಡೆ. ಆಮೇಲೆ ದುಡ್ಡಿನ ವಿಷಯ: ಸಂಬಳ ಕಿತ್ತುಕೊಂಡದ್ದು, ಒಡವೆ ಅಡ ಇಟ್ಟದ್ದು, ಮನೆಯ ಯಾವುದೋ ಭಾಗಕ್ಕೆ ಕಾಲಿಡಲು ಬಿಡದ್ದು, ಬಾಡಿಗೆ ಕಟ್ಟದ್ದು, ಕರೆಂಟ್ ಬಿಲ್ ಕಟ್ಟದ್ದು. ಹೌದು, ಕರೆಂಟ್ ಬಿಲ್ ಕೂಡ ಆ ಪಟ್ಟಿಯಲ್ಲಿದೆ. ಹೆಂಗಸರು ಹೇಳಿಕೊಂಡದ್ದನ್ನು ವರ್ಷಗಟ್ಟಲೆ ಕೂತು ಕೇಳಿದವರ ಅನುಭವ ಸೇರದೆ ಇಂಥ ನಮೂನೆ ತಯಾರಾಗುವುದಿಲ್ಲ. ಇದನ್ನು ಒಬ್ಬಳ ಎದುರು ಓದಿ ಹೇಳುವಾಗ ಮಧ್ಯೆ ತಡೆದು, “ಇದೂ ಬರೀಬಹುದಾ ಅಕ್ಕಾ?” ಎನ್ನುತ್ತಾಳೆ. ಬರೆಯಬಹುದು. ಬರೆಯಲಿಕ್ಕೆಂದೇ ಆ ಜಾಗ ಬಿಟ್ಟಿದ್ದಾರೆ.

ಹಾಗಾದರೆ ಕಾಯ್ದೆ ಬಂತಲ್ಲ, ಇನ್ನೂ ಯಾಕೆ ಓಡಾಟ? ನನ್ನ ಕೆಲಸದ ಹೆಚ್ಚಿನ ಪಾಲು ಇರುವುದು ಇಲ್ಲೇ. ಆ ಡಿಐಆರ್ ಬರೆಯಬೇಕಾದವರು ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಹೊಣೆ ಹೊತ್ತವರು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಮೇಜಿನ ಮೇಲೆ ಏನೇನಿದೆ ಗೊತ್ತಾ? ತಾಲ್ಲೂಕಿನ ಅಷ್ಟೂ ಅಂಗನವಾಡಿ, ಪೌಷ್ಟಿಕ ಆಹಾರ, ಮಾತೃವಂದನಾ, ಈಗ ಗೃಹಲಕ್ಷ್ಮಿ. ಇದರ ನಡುವೆ ಹಣೆಗೆ ಬ್ಯಾಂಡೇಜ್ ಸುತ್ತಿಕೊಂಡ ಹೆಂಗಸೊಬ್ಬಳು ಬಂದು ನಿಂತರೆ, ಅವಳ ಜೊತೆ ಗಂಟೆಗಟ್ಟಲೆ ಕೂತು ವರದಿ ಬರೆಯುವಷ್ಟು ಪುರುಸೊತ್ತು ಅವರಿಗೆಲ್ಲಿದೆ? ಆ ಅಧಿಕಾರಿಗಳನ್ನು ನಾನು ದೂರುವುದಿಲ್ಲ, ಅವರಲ್ಲಿ ಎಷ್ಟೋ ಮಂದಿ ಕರುಳಿರುವವರು. ಮೊದಲ ವಿಚಾರಣೆಯಾದ 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅದಕ್ಕೆ ಬೇಕಾದಷ್ಟು ಜನರನ್ನು ಕೊಡದೆ ಬರೀ ಗಡುವು ಕೊಟ್ಟರೆ ಆ ಹೆಂಗಸು ಕೋರ್ಟಿಗೆ ಅಲೆಯುತ್ತಲೇ ಇರುತ್ತಾಳೆ. ಅದಕ್ಕೇ ನಮ್ಮ ಬೇಡಿಕೆ ಒಂದೇ: ತಾಲ್ಲೂಕಿಗೊಬ್ಬ ಪೂರ್ಣಾವಧಿ ಸಂರಕ್ಷಣಾಧಿಕಾರಿ, ಅವರಿಗೊಂದು ಕೋಣೆ, ಒಂದು ವಾಹನ. ಸುಪ್ರೀಂ ಕೋರ್ಟ್ ಕೂಡ 2025ರ ಮೇ ತಿಂಗಳಲ್ಲಿ ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಗುರುತಿಸಿ ನೇಮಿಸಿ ಎಂದು ರಾಜ್ಯಗಳಿಗೆ ಆದೇಶ ಕೊಟ್ಟಿತು. ಆ ಪೀಠದಲ್ಲಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕಾಯ್ದೆ ಜಾರಿಗೆ ಬಂದು ಹದಿನೆಂಟು ವರ್ಷ ಕಳೆದ ಮೇಲೂ ಇದನ್ನು ಹೇಳಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದಕ್ಕೂ ಓಡಾಡಬೇಕು. 2006ರ ಕೊನೆಯಲ್ಲೇ ಸುಪ್ರೀಂ ಕೋರ್ಟಿನ ಒಂದು ತೀರ್ಪು ವಾಸದ ಹಕ್ಕನ್ನು ಗಂಡನ ಮನೆ, ಅವನು ಬಾಡಿಗೆ ಹಿಡಿದ ಮನೆ, ಇಲ್ಲವೇ ಕೂಡುಕುಟುಂಬದ ಮನೆಗೆ ಸೀಮಿತ ಮಾಡಿತು. ಮನೆ ಅತ್ತೆಯ ಹೆಸರಿನಲ್ಲಿದೆ ಎಂದರೆ ಸೊಸೆ ಬೀದಿಗೆ. 2020ರಲ್ಲಿ ಅದೇ ನ್ಯಾಯಾಲಯ ಆ ವ್ಯಾಖ್ಯಾನ ತಪ್ಪೆಂದಿತು. ನಮ್ಮ ರಾಜ್ಯದಲ್ಲಿ, ಸಖಿ ಕೇಂದ್ರಗಳಿವೆ ಎಂಬ ಕಾರಣ ಮುಂದಿಟ್ಟು 2021ರಲ್ಲಿ ಹಲವು ಸಾಂತ್ವನ ಕೇಂದ್ರಗಳನ್ನು, ಅಂದರೆ ನೊಂದ ಹೆಂಗಸರಿಗೆ ಸಲಹೆ, ನೆರವು ಕೊಡುವ ಕೇಂದ್ರಗಳನ್ನು, ಮುಚ್ಚಲು ಸರ್ಕಾರ ಹೊರಟಿತು. ಜಿಲ್ಲಾಸ್ಪತ್ರೆಯ ಸಖಿ ಕೇಂದ್ರಕ್ಕೂ ತಾಲ್ಲೂಕಿನ ಸಾಂತ್ವನಕ್ಕೂ ನಡುವಿನ ದೂರ ಎಷ್ಟು ಅನ್ನುವುದು ಕೊನೆಯ ಬಸ್ ತಪ್ಪಿಸಿಕೊಂಡವಳಿಗೆ ಗೊತ್ತು.

ಮನವಿ ಕೊಡುವುದಕ್ಕೂ ಹೊತ್ತುಗೊತ್ತು ಇದೆ. ಮಾರ್ಚ್ 8ರಂದು ಹಾರ ತುರಾಯಿಯ ನಡುವೆ ಮಂತ್ರಿಗಳ ಕೈಗಿಟ್ಟ ಪತ್ರಕ್ಕಿಂತ, ಇಲಾಖೆಗಳು ಬಜೆಟ್ ಪ್ರಸ್ತಾವ ಸಿದ್ಧಪಡಿಸುವ ತಿಂಗಳುಗಳಲ್ಲಿ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಹತ್ತು ಬೇಡಿಕೆ ಬರೆದರೆ ಯಾವುದನ್ನೂ ಓದುವುದಿಲ್ಲ. ಒಂದೇ ಬೇಡಿಕೆ, ಯಾವ ಕಲಮು, ಯಾವ ಆದೇಶ ಹೊರಡಬೇಕು, ವರ್ಷಕ್ಕೆ ಖರ್ಚೆಷ್ಟು, ಇಷ್ಟು ಬರೆದರೆ ಕಡತ ಮೇಲೇಳುತ್ತದೆ. ಅಧಿವೇಶನ ನಡೆಯುವಾಗ ಶಾಸಕರೊಬ್ಬರ ಮೂಲಕ ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿದರೆ ಮಂತ್ರಿಗಳು ಸದನದಲ್ಲಿ ಉತ್ತರ ಕೊಡಲೇಬೇಕು, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಫ್ರೀಡಂ ಪಾರ್ಕಿನಲ್ಲಿ ಕೂಗುವುದೂ ಬೇಕು, ಬೆಳಗಾವಿಯ ಸುವರ್ಣಸೌಧದ ಮುಂದೆ ಟೆಂಟಿನಡಿ ಕೂರುವುದೂ ಬೇಕು. ಹೊರಗೆ ಕೂತವರು ಇಲ್ಲದಿದ್ದರೆ ಒಳಗೆ ಹೋದವರ ಮಾತಿಗೆ ತೂಕವಿಲ್ಲ.

ಇನ್ನು ಮನಸ್ಸು ಬದಲಾಗಬೇಕು ಎನ್ನುವ ಮಾತು. ಬದಲಾಗಬೇಕು, ಅದಕ್ಕೆ ದುಡಿಯುವವರಿಗೆ ನಾನು ಕೈಮುಗಿಯುತ್ತೇನೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ದೇಶದಾದ್ಯಂತ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಉಳಿದವರಲ್ಲಿ ಬಹುಪಾಲು ಜನ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಯಾಕೆ ಬಿಡಲಿಲ್ಲ? ಹೇಳಿಕೊಂಡರೆ ಏನಾಗುತ್ತದೆ ಎಂದು ಪಕ್ಕದ ಮನೆಯವಳನ್ನು ನೋಡಿ ಕಲಿತಿರುತ್ತಾರೆ. “ಹೊಂದಿಕೊಂಡು ಹೋಗಮ್ಮ” ಎಂದು ಠಾಣೆಯಿಂದಲೇ ವಾಪಸ್ ಕಳಿಸಿದ್ದನ್ನು ಕಂಡಿರುತ್ತಾರೆ. ಹಾಗೆ ವಾಪಸ್ ಕಳಿಸುವವರು ಸರ್ಕಾರದ ಸಂಬಳ ಪಡೆಯುವವರು. ಅವರ ಮನಸ್ಸು ಬದಲಾಗುವ ತನಕ ಕಾಯಬೇಕಿಲ್ಲ. ದೂರು ದಾಖಲಿಸದಿದ್ದರೆ ಮೇಲಿನವರು ಕೇಳುತ್ತಾರೆ ಎಂಬ ಭಯ ಇದ್ದರೆ ನಾಳೆಯಿಂದಲೇ ಬರೆದುಕೊಳ್ಳುತ್ತಾರೆ. ಒಬ್ಬಳು ಹೋಗಿ ಕೆಲಸ ಮಾಡಿಸಿಕೊಂಡು ಬಂದರೆ ಆ ಬೀದಿಯ ಇನ್ನೊಬ್ಬಳಿಗೆ ಧೈರ್ಯ ಬರುತ್ತದೆ, ಆ ಬೀದಿಯ ಗಂಡಸರಿಗೂ ವಿಷಯ ಮುಟ್ಟುತ್ತದೆ. ಮನಸ್ಸು ಬದಲಾಗುವ ದಾರಿಗಳಲ್ಲಿ ಇದೂ ಒಂದು.

ನೀವೂ ಕೈ ಜೋಡಿಸಬೇಕೆಂದಿದ್ದರೆ ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡಿ. 10 ರೂಪಾಯಿ ಶುಲ್ಕದ ಜೊತೆ ಸಿಡಿಪಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕಳೆದ ಮೂರು ವರ್ಷದಲ್ಲಿ ಎಷ್ಟು ಡಿಐಆರ್ ಬರೆದಿದ್ದಾರೆ, ಎಷ್ಟು ನ್ಯಾಯಾಲಯಕ್ಕೆ ಹೋಗಿವೆ ಎಂದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. 30 ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ ಪ್ರತಿಯನ್ನು ಹಚ್ಚಿ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ, ಇನ್ನೊಂದು ಪ್ರತಿಯನ್ನು ನಿಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುತ್ತಿರುವ ಮಹಿಳಾ ಸಂಘಟನೆಗೆ ಕೊಡಿ.