ಗಿಟಾರ್ ಹೊಟ್ಟೆಗೆ ಅಂಟಿಸಿದ ಹಿತ್ತಾಳೆ ಬಿಲ್ಲೆ

ಕಳೆದ ವರ್ಷ ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಭಾವಗೀತೆ ಕಾರ್ಯಕ್ರಮ ಕೊಟ್ಟೆವು. ಅಕ್ಕ ಹಾಡಿದಳು. ಹಾರ್ಮೋನಿಯಂ, ತಬಲಾ, ಜೊತೆಗೆ ನನ್ನ ಗಿಟಾರ್. ಗಿಟಾರ್ ಮುಂದೆ ಒಂದು ಮೈಕ್ ಇಟ್ಟಿದ್ದರು. ಸೌಂಡ್ ಏರಿಸಿದರೆ ಕುಂಯ್ ಅಂತ ಕೂಗುತ್ತಿತ್ತು, ಇಳಿಸಿದರೆ ತಬಲಾದ ಸದ್ದಿನಲ್ಲಿ ಮುಳುಗುತ್ತಿತ್ತು. ಕೊನೆಗೆ ಇಳಿಸಿಯೇ ಬಿಟ್ಟರು. ಮನೆಗೆ ಬಂದ ಮೇಲೆ ಅಮ್ಮ, "ನೀನು ನುಡಿಸಿದ್ದು ಒಂದೂ ಕೇಳಿಸಲಿಲ್ವಲ್ಲೋ" ಅಂದರು. ಎರಡು ತಿಂಗಳು ಅಭ್ಯಾಸ ಮಾಡಿದ್ದೆ. ಬಹಳ ನೋವಾಯಿತು.

ಈ ವರ್ಷ ಪಿಕಪ್, ಅಂದರೆ ಗಿಟಾರಿನ ಕಂಪನವನ್ನೇ ಹಿಡಿದು ಆಂಪ್‌ಗೆ ಕೊಡುವ ಸಾಧನ, ಹಾಕಿಸಲೇಬೇಕು ಅಂದುಕೊಂಡೆ. ಕೈಯಲ್ಲಿದ್ದದ್ದು 1500 ರೂಪಾಯಿ.

ಮೊದಲು ಗೆಳೆಯನ ಹತ್ತಿರ ಇದ್ದ ಮ್ಯಾಗ್ನೆಟಿಕ್ ಪಿಕಪ್ ತಂದು ಗಿಟಾರಿನ ಮುಂಭಾಗದ ದುಂಡು ತೂತಿಗೆ, ಅಂದರೆ ಸೌಂಡ್‌ಹೋಲ್‌ಗೆ, ಸಿಕ್ಕಿಸಿ ನೋಡಿದೆ. ಎರಡೇ ನಿಮಿಷದ ಕೆಲಸ. ಅಷ್ಟು ಬೇಗ ಕೂಗುವುದೂ ಇಲ್ಲ. ಆದರೆ ಅದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಉಕ್ಕು ಅಲುಗಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ನೈಲಾನ್ ತಂತಿಯ ಗಿಟಾರ್‌ಗೆ ಅದು ಕೆಲಸಕ್ಕೇ ಬರುವುದಿಲ್ಲ. ನನ್ನ ಗಿಟಾರಿನ ಸಣ್ಣ ತಂತಿಗಳೆರಡು ಬರೀ ಉಕ್ಕು. ಉಳಿದ ನಾಲ್ಕರಲ್ಲಿ ಒಳಗೆ ಉಕ್ಕು, ಮೇಲೆ ಕಂಚಿನ ಸುತ್ತು. ಕಂಚು ಅಯಸ್ಕಾಂತಕ್ಕೆ ತಾಗದ ಲೋಹ. ಅದಕ್ಕೇ ಸಣ್ಣ ತಂತಿಗಳದ್ದೇ ಸದ್ದು ಜಾಸ್ತಿ. ಅದಕ್ಕಿಂತ ಹೆಚ್ಚಾಗಿ, ಮರದ ದನಿ ಕಾಣೆಯಾಗಿತ್ತು. ಸುಮಾರಾಗಿ ಎಲೆಕ್ಟ್ರಿಕ್ ಗಿಟಾರ್ ಥರ ಕೇಳುತ್ತಿತ್ತು. ಭಾವಗೀತೆಗೆ ಅದು ನನಗೆ ಒಪ್ಪಲಿಲ್ಲ.

ಅಂಗಡಿಯವರು ಸ್ಯಾಡಲ್ (ತಂತಿ ಕಟ್ಟುವ ಬ್ರಿಡ್ಜ್‌ನಲ್ಲಿ ತಂತಿಗಳು ಒರಗುವ ಸಣ್ಣ ಪಟ್ಟಿ) ಅಡಿಯಲ್ಲಿ ಕೂರಿಸುವ ಪಿಕಪ್ ತೋರಿಸಿದರು. ಅದಕ್ಕೆ ಸ್ಯಾಡಲ್‌ನ ತಳ ಸಮವಾಗಿ ಉಜ್ಜಬೇಕು. ಒಂದು ಕಡೆ ಸ್ವಲ್ಪ ಎತ್ತರ ಉಳಿದರೂ ಒಂದು ತಂತಿ ಜೋರು, ಒಂದು ತಂತಿ ಮೆಲ್ಲಗೆ ಆಗುತ್ತದೆ. ಗಿಟಾರಿನ ಬುಡದ ತುದಿಯಲ್ಲಿ, ಕೇಬಲ್ ಚುಚ್ಚುವ ಜ್ಯಾಕ್‌ಗಾಗಿ ಸುಮಾರು 12 ಮಿ.ಮೀ. ತೂತು ಕೊರೆಯಬೇಕು. ಅಮ್ಮ ಚೀಟಿ ದುಡ್ಡಿನಲ್ಲಿ ಕೊಡಿಸಿದ ಗಿಟಾರ್ ಅದು. ಡ್ರಿಲ್ ಹಾಕಿಸಲು ಮನಸ್ಸು ಬರಲಿಲ್ಲ.

ಒಂದು ಶನಿವಾರ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಪೈಜೊ ಬಿಲ್ಲೆ ಕೇಳಿದೆ. "ಬಝರ್‌ಗೆ ಹಾಕೋದಾ?" ಅಂದರು ಅಂಗಡಿಯವರು. "ಗಿಟಾರ್‌ಗೆ" ಅಂದೆ. "ಎರಡೂ ಒಂದೇ, ತಗೊಳ್ಳಿ" ಅಂದರು. ಅದು ನಿಜ. ಕರೆಂಟ್ ಕೊಟ್ಟರೆ ಬಿಲ್ಲೆ ನಡುಗಿ ಸದ್ದು ಮಾಡುತ್ತದೆ. ನಾವೇ ನಡುಗಿಸಿದರೆ ಕರೆಂಟ್ ಕೊಡುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ತೋರಿಸಿದ್ದರು. ಆ ಗುಣ ಇಷ್ಟು ಸಣ್ಣ ಬೆಲೆಯ ವಸ್ತುವಾಗಿ ನನ್ನ ಅಂಗೈಯಲ್ಲಿ ಕೂತಿದ್ದು ನನಗೆ ಬೆರಗು ಅನಿಸಿತು. 27 ಮಿ.ಮೀ. ಅಗಲದ ಹಿತ್ತಾಳೆ ಬಿಲ್ಲೆ, ಒಂದಕ್ಕೆ 15 ರೂಪಾಯಿ. ವೈರ್ ಮೊದಲೇ ಬೆಸೆದಿದ್ದನ್ನೇ ಆರಿಸಿದೆ, ಯಾಕೆಂದರೆ ಸಾಲ್ಡರ್ ಬಿಸಿ ಜಾಸ್ತಿಯಾದರೆ ಬಿಲ್ಲೆ ಕೆಡುತ್ತದೆ. ಮೂರು ಬಿಲ್ಲೆ, ಒಂದು ಜ್ಯಾಕ್, ಒಂದು ಮೀಟರ್ ಶೀಲ್ಡ್ ವೈರ್. ನೂರೈವತ್ತು ರೂಪಾಯಿಯೊಳಗೆ ಎಲ್ಲ ಮುಗಿಯಿತು.

ರಾತ್ರಿಯೆಲ್ಲ ಜಾಗ ಹುಡುಕಿದೆ. ಮುಂಭಾಗದ ಹಲಗೆಯ ಮಧ್ಯೆ ಅಂಟಿಸಿದರೆ ಸದ್ದು ಜೋರು, ಆದರೆ ಡಬ್ಬ ಬಡಿದ ಹಾಗೆ. ಅಂಚಿಗೆ ಹೋದರೆ ತೆಳು. ದಪ್ಪ ಫೋಮ್ ಟೇಪ್ ಹಾಕಿದಾಗ ದನಿ ಮಂಕಾಯಿತು. ತೆಳು ಡಬಲ್ ಟೇಪ್ ಹಾಕಿದೆ, ಸರಿಹೋಯಿತು. ಕೊನೆಗೆ ತಂತಿ ಸಡಿಲಿಸಿ ಸೌಂಡ್‌ಹೋಲ್ ಒಳಗೆ ಕೈ ತೂರಿಸಿ, ಬ್ರಿಡ್ಜ್‌ನ ಸರಿಯಾಗಿ ಕೆಳಗಿರುವ ಮರದ ಪಟ್ಟಿಗೆ ಅಂಟಿಸಿದೆ. ಆರೂ ತಂತಿ ಹೆಚ್ಚುಕಡಿಮೆ ಸಮವಾಗಿ ಕೇಳಿಸಿದವು. ಮರವೂ ಕೇಳಿಸಿತು. ಅಕ್ಕನನ್ನು ಎಬ್ಬಿಸಿ ಕೇಳಿಸಿದೆ.

ಇಷ್ಟೆಲ್ಲ ನೋಡಿದ್ದು ಮನೆಯ ಸಣ್ಣ ಗಿಟಾರ್ ಆಂಪ್‌ನಲ್ಲಿ. ಭಾನುವಾರ ಮೈಕ್‌ಸೆಟ್ ಅಣ್ಣನ ಗೋಡೌನ್‌ಗೆ ಹೋಗಿ ಮಿಕ್ಸರ್‌ಗೆ ಚುಚ್ಚಿದರೆ ಬೇಸೇ ಇಲ್ಲ! ತಗಡು ಉಜ್ಜಿದ ಹಾಗೆ ಕೀರಲು ದನಿ. ಬಿಲ್ಲೆ ಹಾಳಾಯಿತು ಅಂತಲೇ ನಂಬಿಬಿಟ್ಟೆ. ಅಣ್ಣ ಬಗ್ಗಿ ನೋಡಿ, "ಒಳಗೆ ಬ್ಯಾಟರಿ ಇಲ್ವಾ? ಬರೀ ಪೈಜೊನಾ? ಹಂಗಾದ್ರೆ ತಡೀರಿ ಸರ್" ಅಂದರು. ಕೇಬಲ್ ಕಿತ್ತು ಒಂದನೇ ಚಾನೆಲ್‌ಗೆ ಹಾಕಿ, ಹೈ-ಝಡ್ ಅಂತ ಬರೆದಿದ್ದ ಬಟನ್ ಒತ್ತಿದರು. ಒಂದೇ ಸಲಕ್ಕೆ ದಪ್ಪ ತಂತಿಗಳಿಗೆ ಜೀವ ಬಂತು. ಆ ಬಟನ್ ಏರಿಸಿದ್ದು ಇಂಪೀಡೆನ್ಸ್, ಅಂದರೆ ಬರುವ ಸಿಗ್ನಲ್‌ಗೆ ಇನ್‌ಪುಟ್ ಒಡ್ಡುವ ತಡೆ. ಸಾಮಾನ್ಯ ಲೈನ್ ಇನ್‌ಪುಟ್‌ನಲ್ಲಿ ಅದು ಹತ್ತಿಪ್ಪತ್ತು ಕಿಲೋ ಓಮ್ ಆಸುಪಾಸು ಇರುತ್ತದೆ. ಪೈಜೊಗೆ 1 ಮೆಗಾ ಓಮ್ ಆದರೂ ಬೇಕು. ಇಲ್ಲದಿದ್ದರೆ ಬೇಸ್ ಎಲ್ಲ ಅಲ್ಲೇ ಸೋರಿಹೋಗುತ್ತದೆ. ಆ ಬಟನ್ ಇಲ್ಲದ ಮಿಕ್ಸರ್ ಸಿಕ್ಕರೆ ಇರಲಿ ಅಂತ, ಅವರ ಹತ್ತಿರವೇ ಇದ್ದ ಹಳೆಯ ಆ್ಯಕ್ಟಿವ್ ಡಿಐ ಬಾಕ್ಸ್ (ಪಿಕಪ್‌ನ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಅನ್ನು 900 ರೂಪಾಯಿಗೆ ಕೊಂಡೆ. ನನ್ನ ದುಡ್ಡಿನ ದೊಡ್ಡ ಪಾಲು ಹೋಗಿದ್ದು ಪಿಕಪ್‌ಗಲ್ಲ, ಇದಕ್ಕೆ. ಒಂದಿಷ್ಟೂ ಬೇಸರವಿಲ್ಲ.

ಈ ಸಲ ಹಬ್ಬದಲ್ಲಿ ಸ್ಪೀಕರ್‌ಗಳ ಹಿಂದೆ ಸರಿದು ಕೂತೆ. ಅಣ್ಣ 100 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿದರು. ಗಿಟಾರ್ ಹೊಟ್ಟೆಯ ಗಾಳಿ ಗುಂಯ್‌ಗುಡುವುದು ಸುಮಾರು ಅಲ್ಲೇ. ಒಂದು ಸಲವೂ ಕೂಗಲಿಲ್ಲ. ಮೂರನೇ ಹಾಡಿನಲ್ಲಿ ಗಿಟಾರ್ ಒಂದೇ ನುಡಿಯುವ ಜಾಗವಿತ್ತು. ತಬಲಾ ನಿಂತಿತು. ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದು ಕಾಣಿಸಿತು.

ಸೆಖೆಗೆ ಟೇಪ್ ಸಡಿಲವಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ತಂತಿ ಸಡಿಲಿಸಿ, ಒಳಗೆ ಕೈ ಹಾಕಿ, ಬಿಲ್ಲೆಯನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿಯೇ ಶ್ರುತಿ ಮಾಡುತ್ತೇನೆ.