ಅತ್ತೆಯ ಹೊಸ ಕೋಣೆ
ತುಮಕೂರಿನ ಹೊರವಲಯದ ವೃದ್ಧಾಶ್ರಮದಲ್ಲಿರುವ ಸೋದರತ್ತೆಯನ್ನು ನೋಡಲು ಇಂದು ಹೋಗಿದ್ದೆ. ಇಬ್ಬರಿಗೊಂದು ಕೋಣೆ, ಎರಡು ಮಂಚ, ಬೀಗವಿರುವ ಪುಟ್ಟ ಬೀರು. ಬಚ್ಚಲಿನ ಗೋಡೆಗೆ ಬಿಗಿದ ಸ್ಟೀಲ್ ಹಿಡಿಕೆಯನ್ನು ಹಿಡಿದು ಅವರು ಯಾರ ನೆರವೂ ಇಲ್ಲದೆ ಎದ್ದು ನಿಂತದ್ದನ್ನು ಕಂಡಾಗ, ಮನೆಯಲ್ಲಿ ಎರಡು ಬಾರಿ ಜಾರಿಬಿದ್ದರೂ ಅಂಥದ್ದೊಂದನ್ನು ಹಾಕಿಸಬೇಕೆಂದು ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ಮನಸ್ಸು ನೊಂದಿತು. ಮಧ್ಯಾಹ್ನ ಮೆತ್ತಗಿನ ರಾಗಿಮುದ್ದೆ, ಉಪ್ಪು ಕಡಿಮೆ ಹಾಕಿದ ಬಸ್ಸಾರು ಬಡಿಸಿದರು.

ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಹಂತಹಂತವಾಗಿ ತೆರೆಯಲು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣಕ್ಕೆಂದು ಇರುವ 2007ರ ಕಾಯ್ದೆ ಅವಕಾಶ ನೀಡಿದೆ. ಹಾಸಿಗೆಗಳ ಜೊತೆಗೆ ಇಂತಹ ಹಿಡಿಕೆಗಳನ್ನೂ ಎಣಿಸಬೇಕೆಂಬುದು ನನ್ನ ಪ್ರಾಮಾಣಿಕ ಆಸೆ. ಹೊರಡುವಾಗ ಅತ್ತೆ ಕೇಳಿದ್ದು ಒಂದನ್ನೇ: ಮುಂದಿನ ಸಲ ಬರುವಾಗ ಮನೆಯಲ್ಲಿರುವ ಅವರ ಹಳೆಯ ಕಂಬಳಿಯನ್ನು ತರಬೇಕಂತೆ.